ಕಾಸ್ಮೆಟಿಕ್ ಶಸ್ತ್ರಚಿಕಿತ್ಸೆಯ ನಂತರ ಕಂಪ್ರೆಷನ್ ಉಡುಪು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್, ಹೊಟ್ಟೆಯ ಸಡಿಲ ಚರ್ಮವನ್ನು ತೆಗೆದು ಬಿಗಿಗೊಳಿಸುವ ಟಮ್ಮಿ ಟಕ್, ಸ್ತನದ ಶಸ್ತ್ರಚಿಕಿತ್ಸೆ, ಗಂಡಸರ ಎದೆಯ ಉಬ್ಬನ್ನು ತೆಗೆಯುವ ಗೈನಕೋಮಾಸ್ಟಿಯಾ ಶಸ್ತ್ರಚಿಕಿತ್ಸೆ, ತೋಳು ಅಥವಾ ತೊಡೆಯ ಸಡಿಲ ಚರ್ಮವನ್ನು ತೆಗೆಯುವುದು, ಮುಖ ಮತ್ತು ಕತ್ತಿನ ಲಿಫ್ಟ್ ಇವುಗಳಲ್ಲಿ ಯಾವುದನ್ನು ಮಾಡಿಸಿಕೊಂಡರೂ ಮೈಯನ್ನು ಬಿಗಿಯಾಗಿ ಅಪ್ಪಿಕೊಳ್ಳುವ ಒಂದು ಉಡುಪನ್ನೋ ಪಟ್ಟಿಯನ್ನೋ ಧರಿಸಿಯೇ ಮನೆಗೆ ಮರಳುವುದು ಸಾಮಾನ್ಯ. ಶಸ್ತ್ರಚಿಕಿತ್ಸೆಯ ಬಗ್ಗೆ ವಿವರವಾಗಿ ವಿಚಾರಿಸಿದವರೂ ಈ ಉಡುಪಿನ ಬಗ್ಗೆ ಕೇಳಲು ಮರೆತಿರುತ್ತಾರೆ. ಮೊದಲ ರಾತ್ರಿ ಮಗ್ಗುಲು ಬದಲಿಸಲಾಗದೆ ಮಲಗಿದಾಗ ಪ್ರಶ್ನೆಗಳು ಒಂದರ ಹಿಂದೊಂದು ಏಳುತ್ತವೆ. ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ನಿಮಗೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಸೂಚನೆ ಇಲ್ಲಿ ಬರೆದಿರುವುದಕ್ಕಿಂತ ಬೇರೆಯಾಗಿದ್ದರೆ ಅವರ ಮಾತನ್ನೇ ಪಾಲಿಸಿ. ಒಳಗೆ ಏನನ್ನು ತೆಗೆದಿದ್ದಾರೆ, ಎಲ್ಲಿ ಹೊಲಿದಿದ್ದಾರೆ ಎಂಬುದನ್ನು ಕಣ್ಣಾರೆ ಕಂಡವರು ಅವರೊಬ್ಬರೇ.

ಈ ಉಡುಪು ನಿಜವಾಗಿ ಮಾಡುವ ಕೆಲಸವೇನು?

ಕೊಬ್ಬನ್ನು ಹೀರಿ ತೆಗೆದಾಗ ಅಥವಾ ಚರ್ಮವನ್ನು ಸ್ನಾಯುವಿನಿಂದ ಬಿಡಿಸಿ ಎಳೆದು ಹೊಲಿದಾಗ, ಎರಡು ಪದರಗಳ ನಡುವೆ ಟೊಳ್ಳು ಜಾಗ ಉಳಿಯುತ್ತದೆ. ಗಾಯಗೊಂಡ ಸಣ್ಣ ರಕ್ತನಾಳಗಳಿಂದ ಮತ್ತು ದುಗ್ಧರಸ (ಲಿಂಫ್) ನಾಳಗಳಿಂದ ಒಸರುವ ದ್ರವ ಅಲ್ಲಿ ಸೇರಿಕೊಂಡರೆ ಅದನ್ನು ಸೆರೋಮಾ ಎನ್ನುತ್ತಾರೆ. ರಕ್ತವೇ ಸೇರಿಕೊಂಡರೆ ಅದು ಹೆಮಟೋಮಾ. ಹೊರಗಿನಿಂದ ಹದವಾದ ಒತ್ತಡವಿದ್ದಾಗ ಪದರಗಳು ಒಂದಕ್ಕೊಂದು ತಾಗಿಕೊಂಡು ನಿಲ್ಲುತ್ತವೆ, ಬಾವು ಒಂದು ಮಿತಿಯಲ್ಲಿರುತ್ತದೆ, ಎದ್ದು ಕೂರುವಾಗ ಮತ್ತು ಕೆಮ್ಮುವಾಗ ಗಾಯದ ಭಾಗ ಅಲುಗಾಡುವುದು ಕಡಿಮೆಯಾಗಿ ನೋವು ಸಹನೀಯವಾಗುತ್ತದೆ.

ಈ ಪ್ರಯೋಜನಗಳು ಎಲ್ಲ ಶಸ್ತ್ರಚಿಕಿತ್ಸೆಗಳಿಗೂ ಒಂದೇ ಮಟ್ಟದಲ್ಲಿ ಸಾಬೀತಾಗಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಉಡುಪು ಕೊಬ್ಬನ್ನು ಕರಗಿಸುವುದಿಲ್ಲ, ಸೊಂಟವನ್ನು ಕೊರೆದು ಆಕಾರ ಕೊಡುವುದೂ ಇಲ್ಲ. ವೈದ್ಯರು ಕೊಟ್ಟ ಆಕಾರ ನೆಲೆಗೊಳ್ಳುವ ತನಕ ಅದಕ್ಕೆ ಆಸರೆಯಾಗಿರುವುದಷ್ಟೇ ಅದರ ಕೆಲಸ. ಇದನ್ನು ಆಸರೆಯೆಂದು ತಿಳಿದವರು ಸರಿಯಾಗಿ ಧರಿಸುತ್ತಾರೆ. ಅಚ್ಚೆಂದು ತಿಳಿದವರು ಅತಿಯಾಗಿ ಬಿಗಿದುಕೊಂಡು ತೊಂದರೆಗೆ ಸಿಲುಕುತ್ತಾರೆ.

ಎಷ್ಟು ವಾರ ಧರಿಸಬೇಕು? ದಿನಕ್ಕೆ ಎಷ್ಟು ಗಂಟೆ?

ಮೈಯ ಭಾಗದ ಶಸ್ತ್ರಚಿಕಿತ್ಸೆಗಳಿಗೆ ಸಾಮಾನ್ಯವಾಗಿ 4ರಿಂದ 6 ವಾರ ಎನ್ನುತ್ತಾರೆ. ಮೊದಲ 2–3 ವಾರ ಸ್ನಾನದ ಹೊತ್ತನ್ನು ಬಿಟ್ಟು ಹಗಲು ರಾತ್ರಿ, ಅಂದರೆ ದಿನಕ್ಕೆ ಸುಮಾರು 23 ಗಂಟೆ. ಆಮೇಲೆ ಹಗಲಲ್ಲೋ ರಾತ್ರಿಯಲ್ಲೋ ಸುಮಾರು 12 ಗಂಟೆ. ಮುಖ ಮತ್ತು ಕತ್ತಿಗೆ ಕಟ್ಟುವ ಪಟ್ಟಿಯ ಅವಧಿ ಕಡಿಮೆ: ಮೊದಲ ಒಂದು ವಾರ ಹೆಚ್ಚು ಹೊತ್ತು, ಅನಂತರ ಕೆಲವು ವಾರ ರಾತ್ರಿ ಮಾತ್ರ ಎಂಬುದು ರೂಢಿ.

ಬಾವು ಮೊದಲ 2–3 ದಿನಗಳಲ್ಲಿ ಏರುತ್ತದೆ, 4–6 ವಾರಗಳಲ್ಲಿ ಬಹುಪಾಲು ಇಳಿಯುತ್ತದೆ. ಉಳಿದ ಅಲ್ಪ ಬಾವು ಪೂರ್ತಿ ಹೋಗಿ ಅಂತಿಮ ರೂಪ ಕಾಣಲು 3ರಿಂದ 6 ತಿಂಗಳು, ದೊಡ್ಡ ಶಸ್ತ್ರಚಿಕಿತ್ಸೆಯಾಗಿದ್ದರೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು. ಹಾಗಾಗಿ ಎರಡನೆಯ ವಾರದಲ್ಲಿ ಕನ್ನಡಿಯ ಮುಂದೆ ನಿಂತು ನಿರಾಶರಾಗಬೇಡಿ.

ಒಬ್ಬ ವೈದ್ಯರು ಆರು ವಾರ ಎನ್ನುತ್ತಾರೆ, ಇನ್ನೊಬ್ಬರು ಕೆಲವೇ ದಿನ ಸಾಕು ಎನ್ನುತ್ತಾರೆ. ಯಾರನ್ನು ನಂಬಬೇಕು?

ಇಬ್ಬರ ಶಸ್ತ್ರಚಿಕಿತ್ಸೆಯ ವಿಧಾನವೇ ಬೇರೆಯಾಗಿರಬಹುದು. ಕೊಬ್ಬು ಹೀರುವ ಮೊದಲು ಆ ಭಾಗಕ್ಕೆ ಮರಗಟ್ಟಿಸುವ ಔಷಧ ಬೆರೆಸಿದ ದ್ರವ ತುಂಬುವ ಟ್ಯೂಮಸೆಂಟ್ ಲೈಪೋಸಕ್ಷನ್ ವಿಧಾನವನ್ನು 1980ರ ದಶಕದಲ್ಲಿ ರೂಪಿಸಿದ ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್ ಅವರ ಕ್ರಮವನ್ನೇ ಉದಾಹರಣೆಯಾಗಿ ನೋಡಬಹುದು. ಆ ಕ್ರಮದಲ್ಲಿ ಕೊಬ್ಬು ತೆಗೆದ ಸಣ್ಣ ರಂಧ್ರಗಳನ್ನು ಹೊಲಿಯದೆ ಬಿಟ್ಟು ಒಳಗಿನ ದ್ರವ ಹೊರಗೆ ಹರಿದು ಹೋಗಲು ದಾರಿ ಮಾಡಿಕೊಡುತ್ತಾರೆ. ದ್ರವ ಸುರಿಯುವಷ್ಟು ದಿನ ಹೆಚ್ಚು ಒತ್ತಡ, ಸುರಿಯುವುದು ನಿಂತ ಮೇಲೆ ಕಡಿಮೆ ಒತ್ತಡ, ಬೇಗನೆ ಬಿಡುಗಡೆ. ರಂಧ್ರಗಳನ್ನು ಹೊಲಿದು ಮುಚ್ಚುವ ವಿಧಾನದಲ್ಲಿ ಆ ದ್ರವವನ್ನು ಮೈ ತಾನಾಗಿಯೇ ಹೀರಿಕೊಳ್ಳಬೇಕಾದ್ದರಿಂದ ಉಡುಪು ಹೆಚ್ಚು ಕಾಲ ಬೇಕಾಗುತ್ತದೆ. ಟಮ್ಮಿ ಟಕ್‌ನಲ್ಲಿ ಬಿಡಿಸಿದ ಚರ್ಮದ ವಿಸ್ತಾರವೇ ದೊಡ್ಡದಾದ್ದರಿಂದ ಲೆಕ್ಕ ಮತ್ತೆ ಬದಲಾಗುತ್ತದೆ. ಪರಿಚಯದವರ ವೇಳಾಪಟ್ಟಿಯನ್ನು ನಿಮ್ಮ ಮೈಗೆ ಅನ್ವಯಿಸಬಾರದು ಎನ್ನಲು ಇದೇ ಕಾರಣ.

ಎಷ್ಟು ಬಿಗಿಯಾಗಿರಬೇಕು? ಬಿಗಿ ಹೆಚ್ಚಿದಷ್ಟೂ ಫಲಿತಾಂಶ ಚೆನ್ನಾಗಿರುತ್ತದೆಯೇ?

ಇಲ್ಲ. ಈ ಒಂದು ತಪ್ಪು ತಿಳಿವಳಿಕೆಯೇ ಉಡುಪಿನಿಂದಾಗುವ ಬಹುಪಾಲು ತೊಂದರೆಗಳ ಮೂಲ ಎಂದು ನನಗೆ ಅನಿಸುತ್ತದೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಒತ್ತಡವನ್ನು ರಕ್ತದೊತ್ತಡದಂತೆಯೇ ಪಾದರಸದ ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ. ಉಡುಪಿನ ಪೊಟ್ಟಣದ ಮೇಲೆ 15–20 ಅಥವಾ 20–30 ಎಂದು ಅಚ್ಚಾಗಿರುವುದು ಈ ಅಳತೆಯೇ. ಆದರೆ ಪೊಟ್ಟಣದ ಮೇಲಿನ ಅಂಕಿ ನಿಮ್ಮ ಮೈಯ ಎಲ್ಲ ಭಾಗಕ್ಕೂ ಒಂದೇ ರೀತಿ ಅನ್ವಯಿಸುವುದಿಲ್ಲ. ಒಂದೇ ಬಟ್ಟೆಯನ್ನು ಒಂದೇ ಬಲದಿಂದ ಎಳೆದು ಸುತ್ತಿದರೂ ಸಣ್ಣ ಸುತ್ತಳತೆಯ ಮೇಲೆ ಒತ್ತಡ ಹೆಚ್ಚು, ದೊಡ್ಡ ಸುತ್ತಳತೆಯ ಮೇಲೆ ಕಡಿಮೆ. ಭೌತಶಾಸ್ತ್ರದಲ್ಲಿ ಇದನ್ನು ಲಾಪ್ಲಾಸ್ ನಿಯಮ ಎನ್ನುತ್ತಾರೆ. ಆದ್ದರಿಂದಲೇ ಚಪ್ಪಟೆಯಾದ ಹೊಟ್ಟೆಯ ನಡುಭಾಗದಲ್ಲಿ ಬಿಗಿಯೇ ಇಲ್ಲವೆನಿಸುವ ಉಡುಪು ಸೊಂಟದ ಎಲುಬಿನ ಮೂಲೆಯಲ್ಲಿ, ಪಕ್ಕೆಲುಬಿನ ಅಂಚಿನಲ್ಲಿ, ಮೊಣಕಾಲಿನ ಹಿಂಬದಿಯಲ್ಲಿ ಚರ್ಮ ಕೆಂಪಾಗುವಷ್ಟು ಒತ್ತುತ್ತದೆ. ಹೊಟ್ಟೆಯ ಬಿಗಿ ಸಾಲದೆಂದು ಕೊಕ್ಕೆಯನ್ನು ಒಂದು ಸಾಲು ಒಳಕ್ಕೆ ಹಾಕಿಕೊಂಡರೆ ಆ ಹೆಚ್ಚುವರಿ ಒತ್ತಡದ ದೊಡ್ಡ ಪಾಲು ಬೀಳುವುದು ಎಲುಬಿನ ಮೇಲೆಯೇ.

ಹೊಟ್ಟೆಯನ್ನು ಅತಿಯಾಗಿ ಬಿಗಿದರೆ ಒಳಗಿನ ಒತ್ತಡವೂ ಏರುತ್ತದೆ. ಉಸಿರನ್ನು ಪೂರ್ತಿ ಎಳೆದುಕೊಳ್ಳಲಾಗುವುದಿಲ್ಲ, ಹುಳಿತೇಗು ಬರುತ್ತದೆ, ಅದಕ್ಕಿಂತ ಮುಖ್ಯವಾಗಿ ಕಾಲಿನಿಂದ ಹೃದಯಕ್ಕೆ ಮರಳುವ ರಕ್ತದ ಹರಿವು ತೊಡೆಸಂದಿನಲ್ಲಿ ನಿಧಾನವಾಗಬಹುದು. ನಿಂತ ರಕ್ತ ಹೆಪ್ಪುಗಟ್ಟುವ ಅಪಾಯ ಶಸ್ತ್ರಚಿಕಿತ್ಸೆಯ ನಂತರ ಹೇಗೂ ಇರುವುದರಿಂದ, ಅದಕ್ಕೆ ನಾವೇ ದಾರಿ ಮಾಡಿಕೊಡುವುದು ತರವಲ್ಲ.

ಹದವಾದ ಬಿಗಿಯನ್ನು ಹೀಗೆ ಗುರುತಿಸಬಹುದು. ಉಡುಪಿನ ಅಂಚಿನೊಳಗೆ ಎರಡು ಬೆರಳು ತುಸು ಪ್ರಯಾಸದಿಂದಲಾದರೂ ಹೋಗಬೇಕು, ದೀರ್ಘವಾಗಿ ಉಸಿರೆಳೆದುಕೊಳ್ಳಲು ಆಗಬೇಕು, ಊಟ ಮಾಡಿ ಕುಳಿತಾಗ ವಾಕರಿಕೆ ಬರಬಾರದು, ಧರಿಸಿದಾಗ ಯಾರೋ ಗಟ್ಟಿಯಾಗಿ ಅಪ್ಪಿ ಹಿಡಿದಂತೆ ಅನಿಸಬೇಕೇ ಹೊರತು ಹಗ್ಗದಲ್ಲಿ ಕಟ್ಟಿದಂತೆ ಅನಿಸಬಾರದು. ಕೈಬೆರಳು ಅಥವಾ ಕಾಲ್ಬೆರಳು ನೀಲಿಗಟ್ಟುವುದು, ಬಿಳಿಚಿಕೊಳ್ಳುವುದು, ತಣ್ಣಗಾಗುವುದು, ಜೋಮು ಹಿಡಿಯುವುದು, ಉಡುಪಿನ ಅಂಚಿನ ಕೆಳಗೆ ಬಾವು ಬರುವುದು, ಗುಳ್ಳೆ ಏಳುವುದು, ತೆಗೆದು ಅರ್ಧ ಗಂಟೆಯಾದರೂ ಮಾಸದ ಆಳವಾದ ಗೆರೆ ಉಳಿಯುವುದು ಅತಿಬಿಗಿಯ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡರೂ ಉಡುಪನ್ನು ಸಡಿಲಿಸಿ, ಅದೇ ದಿನ ವೈದ್ಯರಿಗೆ ತಿಳಿಸಿ. ಬೆರಳಿನ ಬಣ್ಣ ಅಥವಾ ಜೋಮು ಸಡಿಲಿಸಿದ ಮೇಲೂ ಸರಿಹೋಗದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಶಸ್ತ್ರಚಿಕಿತ್ಸೆಯಾದ ಜಾಗದ ಸುತ್ತ ಚರ್ಮದ ಸ್ಪರ್ಶಜ್ಞಾನ ಕೆಲವು ವಾರ ಮಂದವಾಗಿರುತ್ತದೆ ಎಂಬುದನ್ನೂ ನೆನಪಿಡಿ: ನೋವಿಲ್ಲ ಎಂದ ಮಾತ್ರಕ್ಕೆ ಒತ್ತಡ ಸರಿಯಾಗಿದೆ ಎಂದಲ್ಲ. ದಿನಕ್ಕೊಮ್ಮೆ ತೆಗೆದು ಕಣ್ಣಿನಿಂದಲೇ ಪರೀಕ್ಷಿಸಬೇಕು.

ಯಾರು ಹೆಚ್ಚು ಎಚ್ಚರಿಕೆಯಿಂದಿರಬೇಕು?

ಕಾಲಿನ ರಕ್ತನಾಳಗಳು ಕಿರಿದಾಗಿರುವವರು, ಸಕ್ಕರೆ ಕಾಯಿಲೆಯಿಂದ ಪಾದಗಳ ಸ್ಪರ್ಶ ಕುಂದಿರುವವರು, ಹೃದಯದ ಬಲ ಕಡಿಮೆಯಿರುವವರು, ಹಿಂದೆ ರಕ್ತ ಹೆಪ್ಪುಗಟ್ಟಿದ ಇತಿಹಾಸವಿರುವವರು ಮತ್ತು ಲ್ಯಾಟೆಕ್ಸ್ ಅಲರ್ಜಿ ಇರುವವರು ಶಸ್ತ್ರಚಿಕಿತ್ಸೆಗೆ ಮೊದಲೇ ಇದನ್ನು ವೈದ್ಯರಿಗೆ ಹೇಳಬೇಕು.

ಅಳತೆಯನ್ನು ಹೇಗೆ ಆರಿಸಬೇಕು?

ತೂಕವನ್ನಾಗಲೀ ದಿನನಿತ್ಯದ ಬಟ್ಟೆಯ ಅಳತೆಯನ್ನಾಗಲೀ ನೋಡಿ ಕೊಳ್ಳಬೇಡಿ. ಟೇಪಿನಿಂದ ಎದೆ, ಸೊಂಟ, ಪೃಷ್ಠ, ತೊಡೆ ಅಥವಾ ತೋಳಿನ ಸುತ್ತಳತೆ ತೆಗೆದು, ಆಯಾ ತಯಾರಕರ ಪಟ್ಟಿಯೊಂದಿಗೆ ಹೋಲಿಸಬೇಕು. ಎರಡು ಅಳತೆಗಳ ನಡುವೆ ಬಂದರೆ ಮೊದಲ ಉಡುಪಿಗೆ ದೊಡ್ಡದನ್ನೇ ಆರಿಸುವುದು ಒಳ್ಳೆಯದು, ಏಕೆಂದರೆ ಮೊದಲ ವಾರ ಬಾವಿನಿಂದ ಸುತ್ತಳತೆ ಶಸ್ತ್ರಚಿಕಿತ್ಸೆಗೆ ಮುಂಚಿಗಿಂತಲೂ ಹೆಚ್ಚಾಗಬಹುದು. ಮುಂದೆ ಸಣ್ಣಗಾಗುತ್ತೇನೆಂಬ ನಂಬಿಕೆಯಲ್ಲಿ ಒಂದು ಅಳತೆ ಚಿಕ್ಕದನ್ನು ತರಿಸಿಕೊಂಡವರು ಅದರ ಜಿಪ್ ಹಾಕಲು ಹೆಣಗಾಡಿ ಹೊಲಿಗೆಯ ಮೇಲೆ ಎಳೆತ ತಂದುಕೊಳ್ಳುತ್ತಾರೆ.

ಮೊದಲ ಹಂತ, ಎರಡನೆಯ ಹಂತ ಎಂದರೇನು?

ಮೊದಲ ಹಂತದ ಉಡುಪಿಗೆ ಜಿಪ್ ಮತ್ತು ಹಲವು ಸಾಲು ಕೊಕ್ಕೆಗಳಿರುತ್ತವೆ. ನೋವಿರುವ ಮೈಯನ್ನು ಹೆಚ್ಚು ಅಲುಗಿಸದೆ ಧರಿಸಲು, ಬಾವಿಗೆ ತಕ್ಕಂತೆ ಸಡಿಲಿಸಿ ಬಿಗಿಗೊಳಿಸಲು ಇದು ಅನುಕೂಲ. ಸುಮಾರು 2–3 ವಾರಗಳಲ್ಲಿ, ದ್ರವ ಸುರಿಯುವುದು ನಿಂತು ಹೊಲಿಗೆಗಳು ಗಟ್ಟಿಯಾದ ಮೇಲೆ, ಜಿಪ್ ಇಲ್ಲದ, ಎಳೆದು ಹಾಕಿಕೊಳ್ಳುವ, ಮೈಗೆ ಇನ್ನಷ್ಟು ನಿಕಟವಾಗಿ ಕೂರುವ ಎರಡನೆಯ ಹಂತದ ಉಡುಪಿಗೆ ಬದಲಾಗಬಹುದು. ಎಲ್ಲರಿಗೂ ಎರಡನೆಯದು ಬೇಕೆಂದೇನಿಲ್ಲ; ಮೊದಲನೆಯದು ಕೊನೆಯ ಸಾಲಿನ ಕೊಕ್ಕೆಯಲ್ಲೂ ಸಡಿಲವಾದಾಗ ವೈದ್ಯರನ್ನು ಕೇಳಿ ನಿರ್ಧರಿಸಿ.

ಮೈ ತೆಳ್ಳಗೆ ಕಾಣಲೆಂದು ಧರಿಸುವ, ಮನೆಯಲ್ಲೇ ಇರುವ ಶೇಪ್‌ವೇರ್ ಅಥವಾ ವೇಸ್ಟ್ ಟ್ರೈನರ್ ಸಾಲದೇ?

ಸಾಲದು. ಶೇಪ್‌ವೇರ್ ಕೆಲವು ಕಡೆ ಮಾತ್ರ ಬಿಗಿಯಾಗಿ ಉಳಿದೆಡೆ ಉಬ್ಬಲು ಬಿಡುತ್ತದೆ, ಅದರ ಹೊಲಿಗೆಯ ಅಂಚುಗಳು ಗಾಯವನ್ನು ಉಜ್ಜುತ್ತವೆ. ಕಡ್ಡಿಗಳಿರುವ ವೇಸ್ಟ್ ಟ್ರೈನರ್ ಇನ್ನೂ ಅಪಾಯಕಾರಿ.

ಮೊದಲ ಬಾರಿ ತೆಗೆದು ಮತ್ತೆ ಹಾಕಿಕೊಳ್ಳುವುದು ಹೇಗೆ?

ಮೊದಲ ಬಾರಿ ಯಾವಾಗ ತೆಗೆಯಬೇಕೆಂಬುದನ್ನು ವೈದ್ಯರು ಹೇಳುತ್ತಾರೆ. ಹೆಚ್ಚಾಗಿ 24ರಿಂದ 48 ಗಂಟೆಗಳ ನಂತರ, ಮೊದಲ ಸ್ನಾನದ ಹೊತ್ತಿಗೆ. ಆ ದಿನ ಒಬ್ಬರೇ ಸ್ನಾನದ ಮನೆಗೆ ಹೋಗಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಬಿಗಿಯಾಗಿದ್ದ ಉಡುಪು ಏಕಾಏಕಿ ಸಡಿಲವಾದಾಗ ರಕ್ತ ಕೆಳಭಾಗಕ್ಕೆ ಇಳಿದು ತಲೆಸುತ್ತು ಬರುವುದು, ಕೆಲವರು ಪ್ರಜ್ಞೆ ತಪ್ಪಿ ಬೀಳುವುದು ಅಪರೂಪವಲ್ಲ. ಸ್ವಲ್ಪ ಏನನ್ನಾದರೂ ತಿಂದು, ನೀರು ಕುಡಿದು, ಹಾಸಿಗೆಯ ಮೇಲೆ ಮಲಗಿಯೇ ಜಿಪ್ಪನ್ನು ನಿಧಾನವಾಗಿ ಇಳಿಸಿ, ಕೆಲವು ನಿಮಿಷ ಬಿಟ್ಟು, ಅಂಚಿನಲ್ಲಿ ಕುಳಿತು, ಆಮೇಲೆ ಎದ್ದು ನಿಲ್ಲಿ. ಮೊದಮೊದಲು ಕುರ್ಚಿಯ ಮೇಲೆ ಕುಳಿತು, ಬಿಸಿ ಹೆಚ್ಚಿಲ್ಲದ ನೀರಿನಲ್ಲಿ ಸ್ನಾನ ಮಾಡುವುದು ಕ್ಷೇಮ.

ಮತ್ತೆ ಹಾಕಿಕೊಳ್ಳುವಾಗ ಮೈ ಪೂರ್ತಿ ಒಣಗಿರಬೇಕು. ಒದ್ದೆ ಚರ್ಮದ ಮೇಲೆ ಈ ಬಟ್ಟೆ ಜಾರುವುದಿಲ್ಲ. ಉಡುಪನ್ನು ಸುರುಳಿ ಮಾಡಿ, ಪಾದದಿಂದ ಆರಂಭಿಸಿ, ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತನ್ನಿ. ಸೊಂಟದ ತನಕ ಬಂದ ಮೇಲೆ ಮಲಗಿ, ಜೊತೆಗಿರುವವರು ಎರಡೂ ಅಂಚುಗಳನ್ನು ಹತ್ತಿರ ಹಿಡಿದುಕೊಂಡಾಗ ಮೊದಲು ಕೊಕ್ಕೆ, ಆಮೇಲೆ ಜಿಪ್ ಹಾಕಿ. ಜಿಪ್ಪಿನ ಹಲ್ಲಿಗೆ ಚರ್ಮ ಸಿಕ್ಕಿಕೊಳ್ಳದಂತೆ ಒಳಗೆ ಬೆರಳಿಟ್ಟುಕೊಳ್ಳುವುದನ್ನು ಮರೆಯಬೇಡಿ. ಉಗುರಿನಿಂದ ಎಳೆದರೆ ಬಟ್ಟೆಯ ಎಳೆ ಕಿತ್ತುಬರುತ್ತದೆ, ಅಂಗೈಯಿಂದ ಸವರುತ್ತಾ ಮೇಲಕ್ಕೆ ತಳ್ಳಿ.

ಕುಳಿತಾಗ ಹೊಟ್ಟೆಯ ಹತ್ತಿರ ಉಡುಪು ಮಡಚಿಕೊಳ್ಳುತ್ತದೆ. ಅದರಿಂದ ತೊಂದರೆಯಿದೆಯೇ?

ಇದೆ, ಬಿಗಿಯ ನಂತರ ನಾನು ಹೆಚ್ಚು ಗಮನ ಕೊಡುವುದು ಮಡಿಕೆಗೆ. ಒಂದೇ ಜಾಗದಲ್ಲಿ ಗಂಟೆಗಟ್ಟಲೆ ಮಡಿಕೆ ಕೂತರೆ ಕೆಳಗಿನ ಮೃದು ಕೊಬ್ಬಿನ ಪದರ ಅದೇ ಆಕಾರದಲ್ಲಿ ಗಟ್ಟಿಯಾಗಿ, ಚರ್ಮದ ಮೇಲೆ ಅಡ್ಡ ಗೆರೆಯೊಂದು ಉಳಿದುಬಿಡಬಹುದು. ದಿನದಲ್ಲಿ ಹಲವು ಬಾರಿ ಎದ್ದು ನಿಂತು, ಬಟ್ಟೆಯನ್ನು ಕೆಳಕ್ಕೂ ಪಕ್ಕಕ್ಕೂ ಎಳೆದು ಸಮ ಮಾಡಿಕೊಳ್ಳಿ. ವೈದ್ಯರು ಒಪ್ಪಿದರೆ ಉಡುಪಿನ ಒಳಗೆ ತೆಳ್ಳನೆಯ ಫೋಮ್ ಹಾಳೆ ಇಟ್ಟುಕೊಂಡರೆ ಒತ್ತಡ ಸಮನಾಗಿ ಹರಡುತ್ತದೆ. ಆ ಹಾಳೆಯಲ್ಲೇ ಸುಕ್ಕು ಬಿದ್ದರೆ ಫಲವೇ ತಿರುಗುಮುರುಗಾಗುವುದರಿಂದ ಅದನ್ನು ಮಟ್ಟಸವಾಗಿ ಇಡುವುದು ಮುಖ್ಯ. ಸುರುಳಿಯಾಗಿ ಮೇಲೇರುವ ಅಂಚು ಹಗ್ಗದಂತೆಯೇ ಕೆಲಸ ಮಾಡುತ್ತದೆ; ಅಂಚು ಪದೇ ಪದೇ ಸುರುಳಿಯಾಗುತ್ತಿದ್ದರೆ ಉಡುಪಿನ ಉದ್ದ ಅಥವಾ ಅಳತೆ ನಿಮಗೆ ಹೊಂದುತ್ತಿಲ್ಲ.

ಮೊದಲ ಎರಡು ದಿನ ಉಡುಪು ತೊಯ್ದುಹೋಗುತ್ತದೆ. ರಕ್ತಸ್ರಾವವೇ?

ಲೈಪೋಸಕ್ಷನ್ ನಂತರ ಮೊದಲ 24–48 ಗಂಟೆ ಸಣ್ಣ ರಂಧ್ರಗಳಿಂದ ತಿಳಿಗುಲಾಬಿ ಬಣ್ಣದ ನೀರು ಸುರಿಯುವುದು ನಿರೀಕ್ಷಿತ. ಅದು ಶಸ್ತ್ರಚಿಕಿತ್ಸೆಯ ವೇಳೆ ತುಂಬಿದ ದ್ರವವೇ, ಸ್ವಲ್ಪ ರಕ್ತ ಬೆರೆತದ್ದರಿಂದ ಭಯ ಹುಟ್ಟಿಸುವಂತೆ ಕಾಣುತ್ತದೆ. ಹೀರುವ ಪ್ಯಾಡ್‌ಗಳನ್ನು ಹೊರಗಿನಿಂದ ಇಟ್ಟು, ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಗೂ ಹಳೆಯ ಟವೆಲ್ ಹಾಸಿಕೊಳ್ಳಿ. ದ್ರವ ಕಡುಗೆಂಪಾಗಿ ನಿಲ್ಲದೆ ಹರಿಯುತ್ತಿದ್ದರೆ ಅಥವಾ ಒಂದು ಬದಿ ಮಾತ್ರ ಇದ್ದಕ್ಕಿದ್ದಂತೆ ಊದಿ ಗಟ್ಟಿಯಾಗಿ ನೋವು ಏರುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಒಳಗಿನ ದ್ರವ ಹೊರಹೋಗಲು ಇಟ್ಟ ಡ್ರೈನ್ ನಳಿಕೆ ಇದೆ. ಶೌಚಕ್ಕೆ ಹೋಗುವುದು ಹೇಗೆ?

ನಳಿಕೆ ಉಡುಪಿನ ಕೆಳಗೆ ಮಡಚಿಕೊಳ್ಳದಂತೆ, ಚರ್ಮಕ್ಕೆ ಒತ್ತದಂತೆ ಹೊರಗೆ ತಂದು, ಅದರ ಬುಡ್ಡಿಯನ್ನು ಗಾಯದ ಮಟ್ಟಕ್ಕಿಂತ ಕೆಳಗೆ ಉಡುಪಿಗೇ ಪಿನ್ ಮಾಡಿಕೊಳ್ಳಿ. ಸೊಂಟದಿಂದ ತೊಡೆಯವರೆಗಿನ ಉಡುಪುಗಳನ್ನು ಶೌಚಕ್ಕಾಗಿ ಕೆಳಗೆ ತೆರೆದಿರುವಂತೆ ಹೊಲಿದಿರುತ್ತಾರೆ. ಆ ತೆರಪು ಕೊಳೆಯಾಗದಂತೆ ಅಗಲಿಸಿ ಹಿಡಿದು, ಬಳಿಕ ಸುತ್ತಲಿನ ಬಟ್ಟೆಯನ್ನು ಒರೆಸಿ ಒಣಗಿಸಿಕೊಳ್ಳಿ. ಪ್ರತಿ ಬಾರಿ ಶೌಚಕ್ಕೆಂದು ಉಡುಪನ್ನೇ ಕಳಚುವುದು ಬೇಡ.

ಕೊಬ್ಬನ್ನು ಬೇರೆಡೆಗೆ ತುಂಬಿಸಿದ್ದರೆ ಅಥವಾ ಸ್ತನದ ಶಸ್ತ್ರಚಿಕಿತ್ಸೆಯಾಗಿದ್ದರೆ?

ತುಂಬಿಸಿದ ಕೊಬ್ಬು ಹೊಸ ಜಾಗದಲ್ಲಿ ರಕ್ತದ ಪೂರೈಕೆ ಪಡೆದುಕೊಂಡರೆ ಮಾತ್ರ ಬದುಕುತ್ತದೆ. ಮೊದಲ ವಾರಗಳಲ್ಲಿ ಅದರ ಮೇಲೆ ಒತ್ತಡ ಬೀಳಬಾರದು. ಪೃಷ್ಠಕ್ಕೆ ಕೊಬ್ಬು ತುಂಬಿಸಿದವರಿಗೆ ಆ ಭಾಗವನ್ನು ಬಿಗಿಯದ ಉಡುಪೇ ಬೇಕು. ಸ್ತನದ ಶಸ್ತ್ರಚಿಕಿತ್ಸೆಯ ನಂತರ ಮುಂಭಾಗದಲ್ಲಿ ಕೊಕ್ಕೆಯಿರುವ, ತಂತಿಯಿಲ್ಲದ ಸರ್ಜಿಕಲ್ ಬ್ರಾ ಕೊಡುತ್ತಾರೆ. ತಂತಿಯಿರುವ ಬ್ರಾವನ್ನು ಸುಮಾರು 6 ವಾರ ದೂರವಿಡಲು ಹೇಳುವುದು ಸಾಮಾನ್ಯ. ಇಂಪ್ಲಾಂಟ್ ಮೇಲೆ ಕಟ್ಟುವ ಅಡ್ಡಪಟ್ಟಿಯನ್ನು ವೈದ್ಯರು ಹೇಳಿದರೆ ಮಾತ್ರ ಬಳಸಿ.

ರಕ್ತ ಹೆಪ್ಪುಗಟ್ಟುವುದನ್ನು ಈ ಉಡುಪು ತಡೆಯುತ್ತದೆಯೇ?

ತಡೆಯುತ್ತದೆಂದು ನೆಚ್ಚಿಕೊಳ್ಳಬಾರದು. ಅದಕ್ಕಾಗಿ ಆಸ್ಪತ್ರೆಯಲ್ಲಿ ಕೊಡುವ ಕಾಲುಚೀಲ ಬೇರೆ. ಅದರ ಒತ್ತಡ ಕಣಕಾಲಿನಲ್ಲಿ ಹೆಚ್ಚಾಗಿದ್ದು ಮೇಲಕ್ಕೆ ಹೋದಂತೆ ಕಡಿಮೆಯಾಗುತ್ತದೆ. ಶಸ್ತ್ರಚಿಕಿತ್ಸೆಯ ದಿನದಿಂದಲೇ ವೈದ್ಯರು ಹೇಳಿದಂತೆ ಮೆಲ್ಲಗೆ ನಡೆದಾಡುವುದು ಎಷ್ಟೋ ಮುಖ್ಯ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಇದ್ದಕ್ಕಿದ್ದಂತೆ ಉಸಿರಾಟದ ತೊಂದರೆ, ಎದೆನೋವು ಅಥವಾ ಕೆಮ್ಮಿನಲ್ಲಿ ರಕ್ತ ಕಂಡರೆ ಅದು ತುರ್ತುಪರಿಸ್ಥಿತಿ: ಉಡುಪು ಬಿಗಿಯಾಗಿರಬೇಕು ಎಂದುಕೊಂಡು ಸುಮ್ಮನಿರಬೇಡಿ, ಆಂಬ್ಯುಲೆನ್ಸ್ ಕರೆಸಿ. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಹರಡುತ್ತಿರುವ ಕೆಂಪು, ದುರ್ವಾಸನೆಯ ಕೀವು ಇವು ಸೋಂಕಿನ ಸೂಚನೆಗಳು, ಇವನ್ನೂ ಕೂಡಲೇ ತಿಳಿಸಬೇಕು.

ತುರಿಕೆ ಮತ್ತು ಬೆವರುಸಾಲೆಗೆ ಏನು ಮಾಡಬೇಕು?

ಬಾವು ಇಳಿಯುವಾಗ, ನರಗಳು ಚೇತರಿಸಿಕೊಳ್ಳುವಾಗ ತುರಿಕೆ ಸಹಜ. ಹೊಲಿಗೆಯಿಲ್ಲದ, ತೆಳ್ಳನೆಯ ಹತ್ತಿಯ ಬನಿಯನ್ನನ್ನು ಸುಕ್ಕಿಲ್ಲದಂತೆ ಒಳಗೆ ಹಾಕಿಕೊಂಡರೆ ಬೆವರು ಹೀರುತ್ತದೆ. ಕ್ರೀಮ್ ಹಚ್ಚಲು ವೈದ್ಯರು ಹೇಳಿದ್ದರೆ ಅದು ಚರ್ಮಕ್ಕೆ ಪೂರ್ತಿ ಇಂಗಿದ ಮೇಲೆ ಉಡುಪು ಧರಿಸಿ; ಎಣ್ಣೆಯ ಅಂಶ ಹಿಗ್ಗುವ ಎಳೆಯನ್ನು ಹಾಳುಮಾಡುತ್ತದೆ. ಗಾಯದ ಹತ್ತಿರ ಪೌಡರ್ ಬೇಡ. ಉಡುಪಿನ ಅಂಚಿನ ಆಕಾರದಲ್ಲೇ ದದ್ದು ಎದ್ದರೆ ಸಿಲಿಕೋನ್ ಪಟ್ಟಿಗೋ ಲ್ಯಾಟೆಕ್ಸಿಗೋ ಅಲರ್ಜಿಯಾಗಿರಬಹುದು, ವೈದ್ಯರಿಗೆ ತೋರಿಸಿ.

ಒಗೆಯುವುದು ಮತ್ತು ಒಣಗಿಸುವುದು ಹೇಗೆ?

ಬೆವರು, ಚರ್ಮದ ಜಿಡ್ಡು, ಗಾಯದ ದ್ರವ ಸೇರಿದ ಬಟ್ಟೆ ಗಾಯಕ್ಕೆ ಒಳ್ಳೆಯದಲ್ಲ; ಅದರ ಜೊತೆಗೆ ಜಿಡ್ಡು ಕೂತ ಎಳೆ ಹಿಗ್ಗಿದ ಮೇಲೆ ಮತ್ತೆ ಕುಗ್ಗುವುದೂ ಇಲ್ಲ. ಆದ್ದರಿಂದ ಪ್ರತಿದಿನ ಅಥವಾ ದಿನ ಬಿಟ್ಟು ದಿನ ಒಗೆಯಬೇಕು. ಎರಡು ಉಡುಪು ಇಟ್ಟುಕೊಂಡು ಒಂದನ್ನು ಒಗೆದಾಗ ಇನ್ನೊಂದನ್ನು ಧರಿಸುವುದು ದುಂದಲ್ಲ, ಒಂದೇ ಉಡುಪನ್ನು ಅರೆಬರೆ ಒಣಗಿದಾಗಲೇ ಹಾಕಿಕೊಳ್ಳುವ ಅನಿವಾರ್ಯತೆ ಅದರಿಂದ ತಪ್ಪುತ್ತದೆ.

ರಕ್ತದ ಕಲೆಯಿದ್ದರೆ ಮೊದಲು ತಣ್ಣೀರಿನಲ್ಲಿ ನೆನೆಹಾಕಿ; ಬಿಸಿನೀರು ತಾಗಿದರೆ ರಕ್ತದ ಪ್ರೋಟೀನು ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ತಣ್ಣಗಿನ ಅಥವಾ ಉಗುರುಬೆಚ್ಚಗಿನ ನೀರಿಗೆ ಸೌಮ್ಯವಾದ ದ್ರವ ಸಾಬೂನು ಬೆರೆಸಿ, ಜಿಪ್ ಕೊಕ್ಕೆಗಳನ್ನು ಮುಚ್ಚಿ, ಕೈಯಿಂದ ಮೆತ್ತಗೆ ಒತ್ತಿ ಒತ್ತಿ ಒಗೆಯಿರಿ. ಕಲ್ಲಿಗೆ ಬಡಿಯುವುದು, ಬ್ರಷ್‌ನಿಂದ ತಿಕ್ಕುವುದು ಬೇಡ. ಸಾಬೂನು ಉಳಿದರೆ ಚರ್ಮ ಉರಿಯುತ್ತದೆ, ನೀರು ತಿಳಿಯಾಗುವ ತನಕ ಜಾಲಿಸಬೇಕು. ಈ ಬಟ್ಟೆಯ ಜೀವಾಳ ಸ್ಪ್ಯಾಂಡೆಕ್ಸ್ ಎಳೆ. ಕ್ಲೋರಿನ್ ಬ್ಲೀಚ್ ಮತ್ತು ಬಿಸಿ ಅದರ ಹಿಗ್ಗುವ ಗುಣವನ್ನು ಕೊಲ್ಲುತ್ತವೆ, ಫ್ಯಾಬ್ರಿಕ್ ಸಾಫ್ಟ್‌ನರ್ ಅದರ ಮೇಲೆ ಪದರವಾಗಿ ಕೂರುತ್ತದೆ. ಯಂತ್ರದಲ್ಲೇ ಒಗೆಯಬೇಕಾದರೆ, ಲೇಬಲ್ ಅನುಮತಿಸಿದರೆ, ಜಾಳಿಗೆ ಚೀಲದಲ್ಲಿ ಹಾಕಿ ತಣ್ಣೀರಿನ ಮೃದು ಹಂತವನ್ನು ಆರಿಸಿ.

ಹಿಂಡಿ ತಿರುಚುವ ಬದಲು ಒಣ ಟವೆಲಿನಲ್ಲಿ ಸುತ್ತಿ ಒತ್ತಿದರೆ ನೀರು ಬಹುಪಾಲು ಹೋಗುತ್ತದೆ. ಬಳಿಕ ನೆರಳಿನಲ್ಲಿ, ಗಾಳಿಯಾಡುವ ಕಡೆ ಮಟ್ಟಸವಾಗಿ ಹರಡಿ. ತೋಯ್ದ ಉಡುಪನ್ನು ಭುಜದಿಂದ ನೇತುಹಾಕಿದರೆ ನೀರಿನ ಭಾರಕ್ಕೇ ಉದ್ದವಾಗುತ್ತದೆ. ಡ್ರೈಯರ್, ಇಸ್ತ್ರಿಪೆಟ್ಟಿಗೆ, ಸುಡುಬಿಸಿಲು ಮೂರೂ ಬೇಡ.

ಯಾವಾಗ ಬದಲಿಸಬೇಕು? ಬಳಸಿದ್ದನ್ನು ಇನ್ನೊಬ್ಬರಿಗೆ ಕೊಡಬಹುದೇ?

ಹೊಸದಾಗಿದ್ದಾಗ ಹಾಕಿಕೊಳ್ಳಲು ಪಟ್ಟ ಶ್ರಮ ಈಗ ಬೇಕಿಲ್ಲವೆಂದಾದರೆ, ಬಟ್ಟೆಯಲ್ಲಿ ತೆಳ್ಳನೆಯ ಜಾಗ ಅಥವಾ ಅಲೆ ಕಂಡರೆ, ಒಗೆದ ಮೇಲೂ ಬಿಗಿ ಮರಳದಿದ್ದರೆ ಅದರ ಆಯುಸ್ಸು ಮುಗಿದಿದೆ. ನೀವೇ ಸಣ್ಣಗಾಗಿ ಸಡಿಲವಾಗಿರಬಹುದು, ಟೇಪು ಹಿಡಿದು ನೋಡಿದರೆ ತಿಳಿಯುತ್ತದೆ. ಬಳಸಿದ್ದನ್ನು ಇನ್ನೊಬ್ಬರಿಗೆ ಕೊಡಬೇಡಿ. ಸ್ವಚ್ಛತೆಯ ಪ್ರಶ್ನೆ ಒಂದು ಕಡೆಯಾದರೆ, ನಿಮ್ಮ ಮೈಗೆ ತಕ್ಕಂತೆ ಹಿಗ್ಗಿದ ಬಟ್ಟೆ ಅವರಿಗೆ ಸಮನಾದ ಒತ್ತಡ ಕೊಡಲಾರದು.

ಒಂದು ದಿನ ಹಾಕಿಕೊಳ್ಳಲಾಗಲಿಲ್ಲ. ಎಲ್ಲ ಹಾಳಾಯಿತೇ?

ಇಲ್ಲ. ಕೆಲವು ಗಂಟೆ ತಪ್ಪಿದರೆ ಬಾವು ಸ್ವಲ್ಪ ಏರಬಹುದು. ಮತ್ತೆ ಧರಿಸಿ, ಮುಂದುವರಿಸಿ. ತಪ್ಪಿದ್ದನ್ನು ಸರಿದೂಗಿಸಲೆಂದು ಹೆಚ್ಚು ಬಿಗಿ ಮಾಡಿಕೊಳ್ಳಬೇಡಿ.

ಬಿಡುವುದು ಹೇಗೆ? ಬಿಟ್ಟ ಮೇಲೆ ಬಾವು ಮತ್ತೆ ಬಂದರೆ?

ಒಮ್ಮೆಲೇ ಬಿಡುವುದಕ್ಕಿಂತ ಹಂತಹಂತವಾಗಿ ಬಿಡುವುದು ಮೈಗೂ ಮನಸ್ಸಿಗೂ ಹಿತ. ವೈದ್ಯರು ಒಪ್ಪಿದ ಮೇಲೆ ಮೊದಲು ದಿನಕ್ಕೆ ಕೆಲವು ಗಂಟೆ ತೆಗೆದಿಟ್ಟು ನೋಡಿ, ಸಂಜೆಯ ಹೊತ್ತಿಗೆ ಬಾವು ಏರದಿದ್ದರೆ ಆ ಅವಧಿಯನ್ನು ಹೆಚ್ಚಿಸುತ್ತಾ ಹೋಗಿ. ಹೆಚ್ಚು ಹೊತ್ತು ನಿಂತ ದಿನ ಅಥವಾ ಮತ್ತೆ ವ್ಯಾಯಾಮ ಆರಂಭಿಸಿದ ದಿನ ಸ್ವಲ್ಪ ಊತ ಬಂದು ರಾತ್ರಿ ಕಳೆದಾಗ ಇಳಿಯುವುದು ಕೆಲವು ತಿಂಗಳವರೆಗೂ ಇರಬಹುದು, ಅಂಥ ದಿನ ಕೆಲವು ಗಂಟೆ ಉಡುಪು ಧರಿಸಿದರೆ ಹಾಯೆನಿಸುತ್ತದೆ. ಆದರೆ ಒತ್ತಿದರೆ ನೀರು ತುಂಬಿದ ಚೀಲದಂತೆ ಒಳಗೆ ಅಲುಗುವ ಉಬ್ಬು ಕಂಡರೆ ಅದು ಸೆರೋಮಾ ಇರಬಹುದು. ಅದನ್ನು ಉಡುಪಿನ ಬಿಗಿಯಿಂದ ಕರಗಿಸಲು ಯತ್ನಿಸದೆ ವೈದ್ಯರಿಗೆ ತೋರಿಸಿ. ಹಲವು ಬಾರಿ ಸೂಜಿಯಿಂದ ದ್ರವವನ್ನು ಹೀರಿ ತೆಗೆಯುವುದರಲ್ಲೇ ಅದು ಬಗೆಹರಿಯುತ್ತದೆ.